ಹೋದಲ್ಲಿ ಸಿಕ್ಕ ಪಿಯಾನೊ

ಗೊತ್ತಿಲ್ಲದ ಪಿಯಾನೊ ಮುಂದೆ ಕೂತರೆ ನಾನು ಮೊದಲು ನುಡಿಸುವುದು ತೀರಾ ಮೆಲ್ಲಗೆ. ಎಷ್ಟು ಮೆಲ್ಲಗೆ ಒತ್ತಿದರೆ ಸದ್ದೇ ಬರುವುದಿಲ್ಲ ಅಂತ ನೋಡಬೇಕು. ಜೋರು ಸದ್ದು ಎಲ್ಲ ಪಿಯಾನೊದಲ್ಲೂ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಇನ್ನು ಸ್ಟೂಲ್ ಬದಲು ಪ್ಲಾಸ್ಟಿಕ್ ಕುರ್ಚಿ ಕೊಟ್ಟರೆ, ಇನ್ನೊಂದು ಕುರ್ಚಿ ಕೇಳಿ ಒಂದರ ಮೇಲೊಂದು ಹಾಕಿಕೊಳ್ಳುತ್ತೇನೆ. ನಾಚಿಕೆ ಪಟ್ಟುಕೊಂಡರೆ ಆಮೇಲೆ ಹೆಗಲು ನೋವು.

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನನ್ನ ಅಭ್ಯಾಸವೆಲ್ಲ ಡಿಜಿಟಲ್ ಪಿಯಾನೊದಲ್ಲಿ, ಹೆಡ್‌ಫೋನ್ ಹಾಕಿಕೊಂಡು. ಮಳೆ ಬರಲಿ, ಬಿಸಿಲಿರಲಿ, ಅದು ಒಂದೇ ಥರ. ಹೊರಗೆ ಚರ್ಚ್ ಮದುವೆ, ಹೋಟೆಲ್ ಲಾಬಿ ಅಂತ ನುಡಿಸಲು ಹೋದರೆ ಅಲ್ಲಿ ಏನಿರುತ್ತದೋ ಅದೇ ಗತಿ. ಹೆಸರಾಂತ ಪಿಯಾನೊ ವಾದಕ ಹೊರೊವಿಟ್ಸ್ 1986ರಲ್ಲಿ ಮಾಸ್ಕೋದಲ್ಲಿ ಕಛೇರಿ ಕೊಡಲು ಹೋದಾಗ ತಮ್ಮ ಸ್ಟೈನ್‌ವೇ ಪಿಯಾನೊವನ್ನೇ ಸಾಗಿಸಿಕೊಂಡು ಹೋಗಿದ್ದರು. ನಾವು ಕೆಎಸ್‌ಆರ್‌ಟಿಸಿ ಬಸ್ಸಿನವರು, ಬಿಡಿ.

ಒಮ್ಮೆ ಜುಲೈನಲ್ಲಿ ಮಂಗಳೂರಿನ ಮದುವೆಗೆ ಹೋಗಿದ್ದೆ. ಅಲ್ಲಿದ್ದದ್ದು ಹಳೇ ಅಪ್‌ರೈಟ್, ಅಂದರೆ ಬೀರುವಿನ ಹಾಗೆ ನೆಟ್ಟಗೆ ನಿಲ್ಲುವ ಪಿಯಾನೊ. ಮಧ್ಯದ ಸಿ ಸ್ವರದ ಮೇಲಿನ ಎಫ್ ಕೀ ಒತ್ತಿದರೆ ಕೆಳಗೇ ಕೂತುಬಿಡುತ್ತಿತ್ತು. ಕರಾವಳಿಯ ತೇವಕ್ಕೆ ಕೀಗಳ ಮರ, ಒಳಗಿನ ಫೆಲ್ಟ್ ಎರಡೂ ಉಬ್ಬಿ ಹೀಗೆ ಬಿಗಿಯಾಗುತ್ತವೆ. ಹಾಲ್ ನೋಡಿಕೊಳ್ಳುವವರು ಬಂದು, "ಮಳೆ ಅಲ್ವಾ ಮಾರಾಯ್ರೇ, ಡಿಸೆಂಬರ್‌ಗೆ ಸರಿ ಇರ್ತದೆ" ಅಂದರು. ಮದುಮಗಳು ಡಿಸೆಂಬರ್‌ವರೆಗೆ ಕಾಯುವ ಹಾಗಿರಲಿಲ್ಲ. ಅವಳು ನಡೆದು ಬರುವಾಗಿನ ಹಾಡು ಎಫ್ ಮೇಜರ್‌ನಲ್ಲಿತ್ತು. ಜಿ ಮೇಜರ್‌ಗೆ ಏರಿಸಿದೆ. ಅಲ್ಲಿ ಆ ಬಿಳಿ ಕೀ ಬೇಕಾಗಲೇ ಇಲ್ಲ, ಪಕ್ಕದ ಕರಿ ಕೀ ಸಾಕಾಯಿತು. ಪುಣ್ಯಕ್ಕೆ ಜೊತೆಗೆ ಹಾಡುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಶ್ರುತಿ ಏರಿಸಿದ್ದಕ್ಕೆ ಬೈಗುಳ ತಿನ್ನುತ್ತಿದ್ದೆ.

ಬೆರಳಿಗೆ ಮನೆಯ ಕೀಗಳದ್ದೇ ರೂಢಿ. ಬಲಗೈ ರಾಗ ಕೇಳಿಸುತ್ತಿಲ್ಲ ಅನ್ನಿಸಿದ ತಕ್ಷಣ ಅದು ಇನ್ನೂ ಜೋರಾಗಿ ಬಡಿಯುತ್ತದೆ. ಹಳೇ ಪಿಯಾನೊದಲ್ಲಿ ತಂತಿಗೆ ಬಡಿಯುವ ಹ್ಯಾಮರ್‌ನ ಫೆಲ್ಟ್ ಗಟ್ಟಿಯಾಗಿರುತ್ತದೆ, ಬಡಿದಷ್ಟೂ ತಗಡಿನ ಸದ್ದು. ನಾನು ಎಡಗೈ ಇಳಿಸುತ್ತೇನೆ. ನಾಲ್ಕು ಸ್ವರದ ಕಾರ್ಡ್‌ನಲ್ಲಿ ಎರಡು ಬಿಟ್ಟರೆ ಬಲಗೈ ತಾನಾಗೇ ಕೇಳಿಸುತ್ತದೆ, ಬಿಟ್ಟಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಕೀಯನ್ನು ಪಟಪಟ ಹೊಡೆಯುವ ಜಾಗ ಬಂದರೆ ಅಪ್‌ರೈಟ್‌ನಲ್ಲಿ ವೇಗ ಸ್ವಲ್ಪ ಕಡಿಮೆ ಮಾಡುತ್ತೇನೆ. ತಂತಿಗಳು ಅಡ್ಡಲಾಗಿ ಮಲಗಿರುವ ಗ್ರ್ಯಾಂಡ್ ಪಿಯಾನೊದಲ್ಲಿ ಕೀ ಪೂರ್ತಿ ಮೇಲೆ ಬರುವ ಮುಂಚೆಯೇ ಮತ್ತೆ ಹೊಡೆಯಬಹುದು. ಅದು 1821ರಲ್ಲಿ ಪಿಯಾನೊ ತಯಾರಕ ಎರಾರ್ ಮಾಡಿದ ಏರ್ಪಾಡಿನ ಪುಣ್ಯ. ಅಪ್‌ರೈಟ್‌ಗೆ ಆ ಭಾಗ್ಯವಿಲ್ಲ.

ನನ್ನ ಹತ್ತಿರ ಕಲಿಯುವ ಮಕ್ಕಳಿಗೆ ಎಡ ಪೆಡಲ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಗ್ರ್ಯಾಂಡ್‌ನಲ್ಲಿ ಅದನ್ನು ಒತ್ತಿದರೆ ಇಡೀ ಕೀಬೋರ್ಡ್ ಪಕ್ಕಕ್ಕೆ ಸರಿಯುತ್ತದೆ. ಡಿಜಿಟಲ್‌ನಲ್ಲೇ ಕಲಿತ ಒಬ್ಬಳು ಮೊದಲ ಸಲ ಒತ್ತಿದಾಗ, "ಮಿಸ್, ಪಿಯಾನೊ ಓಡ್ತಿದೆ!" ಅಂತ ಎರಡೂ ಕೈ ಎತ್ತಿಬಿಟ್ಟಿದ್ದಳು. ಅದಕ್ಕೇ ಈಗ ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆ ಹತ್ತಿರ ಬಂದರೆ ಮಕ್ಕಳನ್ನು ಗೆಳತಿಯರ ಮನೆಗಳಿಗೆ ಕರೆದುಕೊಂಡು ಹೋಗಿ ಅಲ್ಲಿನ ಪಿಯಾನೊ ಮುಂದೆ ಕೂರಿಸುತ್ತೇನೆ. ಟ್ಯೂನ್ ಕೆಟ್ಟಿದ್ದರೆ ಇನ್ನೂ ಒಳ್ಳೆಯದು. ಮಿಸ್ ಸುಮ್ನೆ ಕಾಫಿ ಕುಡಿಯೋಕೆ ಹೋಗ್ತಾರೆ ಅಂತ ಕೆಲವು ಅಮ್ಮಂದಿರ ಗುಮಾನಿ. ಕಾಫಿಯೂ ಸಿಗುತ್ತದೆ, ಇಲ್ಲ ಅನ್ನಲ್ಲ.