ಮೂಳೆ ಮಾತ್ರೆ ಇನ್ನೂ ಎಷ್ಟು ವರ್ಷ ನುಂಗಬೇಕು?

“ಅಕ್ಕಾ, ಈ ಮಾತ್ರೆ ಇನ್ನೂ ಎಷ್ಟು ವರ್ಷ ನುಂಗಬೇಕು?”

ಸೋಮವಾರಪೇಟೆಯ ನಮ್ಮ ಮೆಡಿಕಲ್ ಶಾಪಿನಲ್ಲಿ ಈ ಪ್ರಶ್ನೆ ಬಾರದ ವಾರವಿಲ್ಲ. ಕೇಳುವವರು ಹೆಚ್ಚಾಗಿ ಅರವತ್ತು ದಾಟಿದ ಹೆಂಗಸರು. ಅಂಗಳದ ಪಾಚಿಯಲ್ಲಿ ಜಾರಿ ಮಣಿಕಟ್ಟು ಮುರಿದಾಗಲೇ ಮೂಳೆ ಟೊಳ್ಳಾಗಿದೆ ಅಂತ ಗೊತ್ತಾದವರು. ಆಸ್ಟಿಯೋಪೊರೋಸಿಸ್ ಇರುವುದೇ ಹಾಗೆ, ಮುರಿಯುವ ತನಕ ನೋವಿರುವುದಿಲ್ಲ. ಮಂಡಿ ಸವೆತ ಬೇರೆ, ಇದು ಬೇರೆ.

ಪ್ರಶ್ನೆ ಬಂದ ಕೂಡಲೇ ನಾನು ಚೀಟಿ ಕೇಳುತ್ತೇನೆ. ಯಾವ ಔಷಧಿ ಅಂತ ನೋಡದೆ ಎಷ್ಟು ವರ್ಷ ಅಂತ ಹೇಳಲು ಆಗುವುದಿಲ್ಲ.

ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್, ರೈಸೆಡ್ರೊನೇಟ್ ಆದರೆ ಸಾಮಾನ್ಯವಾಗಿ ಐದು ವರ್ಷಕ್ಕೆ ಡಾಕ್ಟರ್ ಮತ್ತೆ ಲೆಕ್ಕ ಹಾಕುತ್ತಾರೆ. ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ ಆದರೆ ಮೂರು ವರ್ಷಕ್ಕೆ. ಈ ಔಷಧಿಗಳು ಮೂಳೆಯೊಳಗೇ ಕೂತುಬಿಡುತ್ತವೆ. ನಿಲ್ಲಿಸಿದ ಮೇಲೂ ಸ್ವಲ್ಪ ಕಾಲ ಕೆಲಸ ಮಾಡುತ್ತಲೇ ಇರುತ್ತವೆ. ಅದಕ್ಕೇ ಕೆಲವರಿಗೆ ಒಂದೆರಡು ವರ್ಷ ಬಿಡುವು ಕೊಡಬಹುದು. ಅಲೆಂಡ್ರೊನೇಟನ್ನು ಐದು ವರ್ಷಕ್ಕೆ ಬಿಟ್ಟವರನ್ನೂ ಹತ್ತು ವರ್ಷದ ತನಕ ಮುಂದುವರಿಸಿದವರನ್ನೂ ಹೋಲಿಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಬಿಟ್ಟವರಲ್ಲಿ ನೂರಕ್ಕೆ ಸುಮಾರು 5 ಜನರಿಗೆ ಬೆನ್ನುಮೂಳೆ ಮುರಿದು ನೋವು ಕಾಣಿಸಿತು, ಮುಂದುವರಿಸಿದವರಲ್ಲಿ 2 ಜನರಿಗೆ. ಬೇರೆ ಮೂಳೆಗಳಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಹಾಗಾಗಿ ಸೊಂಟ ಅಥವಾ ಬೆನ್ನುಮೂಳೆ ಈಗಾಗಲೇ ಮುರಿದವರು, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಸೊಂಟದ ಟಿ ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಇನ್ನೂ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿರುವವರು, ಸ್ಟಿರಾಯ್ಡ್ ತಗೊಳ್ಳುತ್ತಿರುವವರು ಬಿಡುವಿನ ಆಸೆ ಇಟ್ಟುಕೊಳ್ಳಬೇಡಿ. ಅವರಿಗೆ ಮಾತ್ರೆ ಹತ್ತು ವರ್ಷದ ತನಕವೂ ನಡೆಯಬಹುದು. ಹಾಗಾದರೆ ಎಲ್ಲರಿಗೂ ಸುಮ್ನೆ ಹತ್ತು ವರ್ಷ ಕೊಟ್ಟರೆ ಏನಂತೆ? ಬಹಳ ವರ್ಷ ತಗೊಂಡವರಲ್ಲಿ ತೀರಾ ಅಪರೂಪಕ್ಕೆ ತೊಡೆಮೂಳೆ ತಾನಾಗೇ ಬಿರುಕು ಬಿಡುವುದುಂಟು. ತೊಡೆಯಲ್ಲೋ ತೊಡೆಸಂದಿಯಲ್ಲೋ ಹೊಸ ನೋವು ಶುರುವಾದರೆ ತಡ ಮಾಡದೆ ಡಾಕ್ಟರಿಗೆ ಹೇಳಿ. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೂ ಈ ಔಷಧಿಯ ವಿಷಯ ತಿಳಿಸಿ.

ನಮ್ಮ ಕೊಡಗಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ಬೆಳಿಗ್ಗೆ ಎದ್ದ ಕೂಡಲೇ ಕಾಫಿ, ಅದರ ಜೊತೆಗೇ ಮಾತ್ರೆ ಅಂತ ಎಷ್ಟೋ ಜನ ನುಂಗುತ್ತಾರೆ. ಕಾಫಿಯ ಜೊತೆ ನುಂಗಿದರೆ ಅಲೆಂಡ್ರೊನೇಟ್ ಮೈಗೆ ಹತ್ತುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟದ ತುಂಬ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ ಇರಬೇಕು. ಕಾಫಿ, ರೊಟ್ಟಿ, ಕ್ಯಾಲ್ಸಿಯಂ ಮಾತ್ರೆ ಎಲ್ಲ ಆಮೇಲೆ. ಐದು ವರ್ಷ ಕಾಫಿ ಜೊತೆ ನುಂಗಿದವರದ್ದು ಐದು ವರ್ಷ ಆಯಿತು ಅಂತ ಹೇಗೆ ಲೆಕ್ಕ ಹಿಡಿಯುವುದು? ಡಾಕ್ಟರಿಗೆ ಮುಚ್ಚಿಡದೆ ಹೇಳಿಬಿಡಿ.

ಮಾತ್ರೆಯ ಈ ಲೆಕ್ಕವನ್ನು ಇಂಜೆಕ್ಷನ್ನಿಗೂ ಹಚ್ಚುತ್ತಾರಲ್ಲ, ನನಗೆ ಭಯ ಆಗುವುದು ಅಲ್ಲಿ. ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್ ಮೂಳೆಯಲ್ಲಿ ಕೂರುವುದಿಲ್ಲ. ಆರು ತಿಂಗಳು ಕಳೆದರೆ ಅದರ ಹಿಡಿತ ಬಿಟ್ಟುಹೋಗುತ್ತದೆ. ಅಷ್ಟು ದಿನ ತಡೆದಿಟ್ಟಿದ್ದ ಸವೆತ ಮೊದಲಿಗಿಂತ ಜೋರಾಗಿ ಶುರುವಾಗುತ್ತದೆ. ಕೆಲವರಿಗೆ ಬೆನ್ನುಮೂಳೆಗಳು ಒಂದರ ಹಿಂದೆ ಒಂದು ಕುಸಿಯುತ್ತವೆ. ಇದಕ್ಕೆ ಬಿಡುವು ಅನ್ನುವುದೇ ಇಲ್ಲ. ನಿಲ್ಲಿಸಲೇಬೇಕಾದರೆ ಅದರ ಜಾಗಕ್ಕೆ ಜೊಲೆಡ್ರೊನಿಕ್ ಆಸಿಡ್‌ನಂಥ ಇನ್ನೊಂದು ಔಷಧಿ ಬರಬೇಕು.

ಇದು ನಮ್ಮ ಮನೆಯಲ್ಲೇ ಆಯಿತು. ಶಾಂತಳ್ಳಿ ಕಡೆ ಇರುವ ನನ್ನ ಅತ್ತೆಗೆ ಜೂನ್ ಕೊನೆಗೆ ಇಂಜೆಕ್ಷನ್ ಇತ್ತು. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮರ ಬಿದ್ದು ರಸ್ತೆ ಬಂದ್, ಮೂರು ದಿನ ಕರೆಂಟಿಲ್ಲ. ಫ್ರಿಜ್ಜಿನಲ್ಲೇ ಇಡಬೇಕಾದ ಔಷಧಿ ಅದು. “ಕೈಲ್ ಮುಹೂರ್ತ ಕಳೀಲಿ ಕಣಮ್ಮಾ, ನನಗೇನೂ ನೋವಿಲ್ವಲ್ಲ” ಅಂದರು. ದಿನಾ ಔಷಧಿ ಮಾರುವ ನಾನೂ ಹೂಂ ಅಂದುಬಿಟ್ಟೆ. ಸೆಪ್ಟೆಂಬರಿನ ಆ ಹಬ್ಬ ಕಳೆಯಿತು, ಇಬ್ಬರಿಗೂ ಮರೆತೇಹೋಯಿತು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಬಚ್ಚಲಿನಿಂದ ಅರ್ಧ ಬಕೆಟ್ ನೀರು ಎತ್ತಿದವರು ಹಾಗೇ ಗೋಡೆ ಹಿಡಿದು ಕೂತರು. ಎಕ್ಸ್‌ರೇಯಲ್ಲಿ ಎರಡು ಬೆನ್ನುಮೂಳೆ ಕುಸಿದಿದ್ದವು.

ಅದಕ್ಕೇ ಈಗ ಇಂಜೆಕ್ಷನ್ ಕೊಂಡವರ ಫೋನ್ ನಂಬರ್ ಬರೆದಿಟ್ಟುಕೊಂಡು, ಐದನೇ ತಿಂಗಳಿಗೇ ಕರೆ ಮಾಡುತ್ತೇನೆ. ಮಳೆಗಾಲದಲ್ಲಿ ತಾರೀಖು ಬರುವವರಿಗೆ ಮೇ ತಿಂಗಳಲ್ಲೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಿ ಅನ್ನುತ್ತೇನೆ.

ದಿನಾ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ಇದ್ದರೆ ಸಾಮಾನ್ಯವಾಗಿ ಎರಡು ವರ್ಷ, ಅಷ್ಟೆ. ಆದರೆ ಅದು ಮುಗಿದ ಕೂಡಲೇ ಇನ್ನೊಂದು ಔಷಧಿ ಶುರುವಾಗಬೇಕು, ಇಲ್ಲದಿದ್ದರೆ ಗಳಿಸಿದ ಮೂಳೆ ಕರಗಿಹೋಗುತ್ತದೆ. ಯಾವುದೇ ಬಿಡುವಿನಲ್ಲೂ ಕ್ಯಾಲ್ಸಿಯಂ, ವಿಟಮಿನ್ ಡಿ ವಿಷಯ ಕೇಳದೆ ಅವನ್ನೂ ಬಿಟ್ಟುಬಿಡಬೇಡಿ.

ಕಳೆದ ತಿಂಗಳು ಈ ಪ್ರಶ್ನೆ ಕೇಳಿದ ಒಬ್ಬ ಅಕ್ಕ ಆರು ವರ್ಷದಿಂದ ಪ್ರತಿ ಭಾನುವಾರ ಮಾತ್ರೆ ತಪ್ಪಿಸಿದವರಲ್ಲ. ಮೂಳೆ ಯಾವುದೂ ಮುರಿದಿಲ್ಲ. ಮೈಸೂರಿಗೆ ಹೋಗಿ ಡೆಕ್ಸಾ ಸ್ಕ್ಯಾನ್ ಮಾಡಿಸಿದರು, ಸ್ಕೋರ್ ಮೈನಸ್ 1.9. ಡಾಕ್ಟರ್ ಎರಡು ವರ್ಷ ಬಿಡುವು ಕೊಟ್ಟು, ಆಮೇಲೆ ಮತ್ತೆ ಸ್ಕ್ಯಾನ್ ಅಂದಿದ್ದಾರೆ.

ಅತ್ತೆಗೆ ಇಂಜೆಕ್ಷನ್ ಮತ್ತೆ ಶುರುವಾಗಿದೆ. ಎತ್ತರ ಸ್ವಲ್ಪ ಇಳಿದಿದೆ, ಮೇಲಿನ ಶೆಲ್ಫಿಗೆ ಕೈ ಎಟುಕುವುದಿಲ್ಲ. ಕಾಚಂಪುಳಿ ಬಾಟಲಿಯನ್ನು ಕೆಳಗಿನ ಶೆಲ್ಫಿಗೆ ಇಳಿಸಿಟ್ಟಿದ್ದೇನೆ.