ಕಣ್ಣು ಮುಚ್ಚಿ, ಏನನ್ನೂ ಯೋಚಿಸಬೇಡಿ

ಪದೇ ಪದೇ ತಲೆ ಸುತ್ತುತ್ತಿದ್ದುದಕ್ಕೆ ವೈದ್ಯರು ಇಇಜಿ, ಅಂದರೆ ಮಿದುಳಿನ ವಿದ್ಯುತ್ತಿನ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಬರೆದುಕೊಟ್ಟರು. ಹಿಂದಿನ ರಾತ್ರಿ ನಿದ್ದೆ ಕಡಿಮೆ ಮಾಡಬೇಕು ಎಂದಿದ್ದರು. ನನಗೆ ಅದಕ್ಕೆ ಸಲಹೆಯೇ ಬೇಕಿರಲಿಲ್ಲ. ತಂತ್ರಜ್ಞೆ ಟೇಪು ಹಿಡಿದು ತಲೆ ಅಳೆದರು, ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರು, ಕೂದಲು ಬಿಡಿಸಿ ಬುಡ ಉಜ್ಜಿ ತಣ್ಣನೆಯ ಪೇಸ್ಟಿನಲ್ಲಿ ಪುಟ್ಟ ಲೋಹದ ಬಿಲ್ಲೆಗಳನ್ನು ಒಂದೊಂದಾಗಿ ಅಂಟಿಸಿದರು. “ಕಣ್ಣು ಮುಚ್ಚಿ ಸರ್. ಏನನ್ನೂ ಯೋಚಿಸಬೇಡಿ, ಹಲ್ಲು ಕಚ್ಚಬೇಡಿ.” ಮಿದುಳಿನ ವಿದ್ಯುತ್ತು ಮೈಕ್ರೋವೋಲ್ಟ್‌ಗಳ ಲೆಕ್ಕದ್ದು, ದವಡೆ ಬಿಗಿದರೆ ಸ್ನಾಯುವಿನ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ.

ಯೋಚಿಸಬೇಡ ಎಂದರೆ ಸುಮ್ಮನಿರುವ ತಲೆಯೇ ಇದು? ಆ್ಯನ್ ಡ್ರುಯಾನ್ ನೆನಪಾದರು. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ, ಅನ್ಯಲೋಕದವರು ಸಿಕ್ಕರೆ ಕೇಳಲಿ ಎಂದು ಹೊರಟ ಚಿನ್ನದ ಲೇಪದ ಧ್ವನಿಮುದ್ರಿಕೆಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಅದರಲ್ಲಿ 55 ಭಾಷೆಗಳ ಶುಭಾಶಯವಿದೆ, ಕನ್ನಡದ್ದೂ ಇದೆ. ಜೊತೆಗೆ ಡ್ರುಯಾನ್ ಅವರ ಮಿದುಳಿನ ಅಲೆಗಳಿವೆ. ಆ ವರ್ಷದ ಜೂನ್ 3ರಂದು ಅವರು ಹೀಗೆಯೇ ತಂತಿ ಅಂಟಿಸಿಕೊಂಡು ಸುಮಾರು ಒಂದು ಗಂಟೆ ಭೂಮಿಯ ಚರಿತ್ರೆ, ಮನುಷ್ಯರ ಪಾಡು ಎಲ್ಲವನ್ನೂ ಯೋಚಿಸಿ, ಕೊನೆಗೆ ಪ್ರೀತಿ ಮೂಡಿದಾಗ ಹೇಗಿರುತ್ತದೆ ಎಂಬಲ್ಲಿಗೆ ಬಂದರು. ಎರಡು ದಿನ ಮೊದಲಷ್ಟೇ ಅವರೂ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್‌ರೂ ಫೋನಿನಲ್ಲಿ ಮದುವೆ ನಿಶ್ಚಯಿಸಿಕೊಂಡಿದ್ದರು. ಆ ಗಂಟೆಯನ್ನು ಹಿಂಡಿ ಒಂದು ನಿಮಿಷ ಮಾಡಿದ್ದಾರೆ. ಕೇಳಿದರೆ ಪಟಾಕಿ ಸರ ಸಿಡಿದಂತಿರುತ್ತದೆ, ಅಷ್ಟೇ.

ನನಗೂ ಆಸೆಯಾಯಿತು. ಹೊರಗೆ ಕಾಯುತ್ತಿದ್ದ ಹೆಂಡತಿಯ ಮೇಲಿನ ಪ್ರೀತಿಯನ್ನು ಒಮ್ಮೆ ಎದುರಿಗೆ ನಿಲ್ಲಿಸಿಕೊಂಡು ನೋಡಿಬಿಡೋಣ ಎಂದು ಒಳಗೆ ಹುಡುಕತೊಡಗಿದೆ. ಮೊದಲು ಸಿಕ್ಕಿದ್ದು ಕಿರಿಕಿರಿ: ಫೈಲು ತೆಗೆದುಕೊಂಡಿರಾ ಎಂದು ಬೆಳಿಗ್ಗೆಯಿಂದ ಅವಳು ಕೇಳುತ್ತಲೇ ಇದ್ದದ್ದು. ಮದುವೆಯ ದಿನದ ಮುಖವನ್ನು ಕರೆದರೆ ಬಂದದ್ದು ಆಲ್ಬಮಿನ ಫೋಟೊ, ಅದೂ ಮೂಲೆ ಮಡಚಿದ್ದು.

ಅಂತರಂಗವೇ ನಿಜವಾದ ಬ್ರಹ್ಮಾಂಡ, ರಾಕೆಟ್ಟು ಯಾತಕ್ಕೆ ಎನ್ನುವ ಪ್ರವಚನ ಕೇಳಿದರೆ ನನಗೆ ರೇಗುತ್ತದೆ. 2023ರ ನವೆಂಬರಿನಲ್ಲಿ ವಾಯೇಜರ್ 1 ಇದ್ದಕ್ಕಿದ್ದಂತೆ ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ದೂರ 2,400 ಕೋಟಿ ಕಿಲೋಮೀಟರ್. ಒಂದು ಆದೇಶ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರಕ್ಕೆ ಮತ್ತೆ ಅಷ್ಟೇ. ನೌಕೆಯ ಪ್ರೇಷಕದ ಶಕ್ತಿ ಸುಮಾರು 23 ವ್ಯಾಟ್. ಆದರೂ ಎಂಜಿನಿಯರುಗಳು ಅದರ ಕಂಪ್ಯೂಟರಿನ ನೆನಪನ್ನು ತರಿಸಿಕೊಂಡು, ಕೆಡುವ ಮೊದಲಿನದರ ಪಕ್ಕದಲ್ಲಿಟ್ಟು ನೋಡಿ, ಕೆಟ್ಟಿರುವುದು ಒಂದು ಚಿಪ್ ಎಂದು ಬೆರಳಿಟ್ಟು ತೋರಿಸಿದರು. ಅದರಲ್ಲಿದ್ದ ಕೋಡನ್ನು ತುಂಡರಿಸಿ ಬೇರೆಡೆಗೆ ಹಂಚಿ, 2024ರ ಏಪ್ರಿಲ್‌ನಲ್ಲಿ ನೌಕೆಗೆ ಮತ್ತೆ ಮಾತು ತಂದರು. ಆ ದುಡಿಮೆಯನ್ನು ಒಂದು ಉಪಮೆಗೆ ಇಳಿಸಿಬಿಡುವುದು ಅನ್ಯಾಯ.

ಒಳಗಿನ ಹುಡುಕಾಟದ ತೊಡಕು ಬೇರೆಯೇ ಜಾತಿಯದು. ಪಕ್ಕದಲ್ಲಿಟ್ಟು ನೋಡಲು ಹಳೆಯ ಪ್ರತಿ ಇಲ್ಲಿಲ್ಲ. ನೆನಪನ್ನು ತೆಗೆದಾಗಲೆಲ್ಲ ಅದು ಒಂದಿಷ್ಟು ತಿದ್ದಿಕೊಂಡೇ ಬರುತ್ತದೆ. ನೌಕೆ ಅಲ್ಲಿ, ನೋಡುವವರು ಇಲ್ಲಿ. ನನ್ನ ವಿಷಯದಲ್ಲಿ ಕೆಟ್ಟ ಚಿಪ್ಪೂ ಎಂಜಿನಿಯರೂ ನಾನೇ.

“ಈಗ ಕಣ್ಣು ಬಿಡಿ” ಎಂದರು ತಂತ್ರಜ್ಞೆ. ಬಿಟ್ಟೆ. ತಾರಸಿ ಮಸಕುಮಸಕಾಗಿತ್ತು. ಕನ್ನಡಕ ಇರಲಿಲ್ಲವಲ್ಲ, ಒಳಗೆ ಬರುವ ಮುನ್ನ ಹೆಂಡತಿ ಅದನ್ನು ಕೇಳಿ ಪಡೆದು, ಗಾಜು ಒರೆಸಿ, ಕಡ್ಡಿ ಮಡಚಿ, ಚೀಲಕ್ಕೆ ಹಾಕಿದರೆ ಒತ್ತಿ ಬಾಗೀತೆಂದು ಕೈಯಲ್ಲೇ ಹಿಡಿದು ಕೂತಿದ್ದಳು. ಎದೆಯಲ್ಲಿ ಏನೋ ಸಡಿಲವಾಯಿತು. ಹುಡುಕುವಾಗ ಸಿಗದಿದ್ದದ್ದು ಹುಡುಕಾಟ ಮರೆತ ಗಳಿಗೆಯಲ್ಲಿ ತಾನೇ ಬಂದಿತ್ತು.

ಮುಗಿದ ಮೇಲೆ ಪರದೆ ನೋಡಬಹುದೇ ಎಂದು ಕೇಳಿದೆ. ಆ ಗಳಿಗೆಯಲ್ಲಿ ಗೆರೆಗಳು ನಿಜಕ್ಕೂ ಬದಲಾಗಿದ್ದವು! ಕುಣಿಯುತ್ತಿದ್ದ ಅಲೆ ಥಟ್ಟನೆ ತಗ್ಗಿತ್ತು. ಇದೇನು ಎಂದು ಬೆರಳು ತೋರಿಸಿದೆ.

“ಆಲ್ಫಾ ಅಲೆ ಸರ್. ಕಣ್ಣು ಬಿಟ್ಟರೆ ಎಲ್ಲರಿಗೂ ತಗ್ಗುತ್ತದೆ” ಎಂದು ಅವರು ಮುಂದಿನವರನ್ನು ಕರೆದರು.