ಎರಡು ಪಂದ್ಯ, ಒಂದು ಪರದೆ

ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಟಿವಿ ಮುಂದೆ ಕೂತವರನ್ನು ಫೈನಲ್‌ಗಿಂತಲೂ ಹೆಚ್ಚು ದುಡಿಸುವ ದಿನವೊಂದಿದೆ. ಅದು ಗುಂಪು ಹಂತದ ಕೊನೆಯ ದಿನ. ಗುಂಪಿನ ನಾಲ್ಕೂ ತಂಡಗಳು ಒಂದೇ ಹೊತ್ತಿಗೆ ಎರಡು ಮೈದಾನಗಳಲ್ಲಿ ಆಡುತ್ತವೆ. ಈ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. 1982ರ ಜೂನ್ 25ರಂದು ಸ್ಪೇನ್‌ನ ಹಿಹೋನ್‌ನಲ್ಲಿ ಆಸ್ಟ್ರಿಯಾ ವಿರುದ್ಧ ಪಶ್ಚಿಮ ಜರ್ಮನಿ ಶುರುವಿನಲ್ಲೇ ಒಂದು ಗೋಲು ಹೊಡೆಯಿತು. ಆಮೇಲೆ ಎರಡೂ ತಂಡಗಳು ಚೆಂಡನ್ನು ಸುಮ್ಮನೆ ಆಚೀಚೆ ತಳ್ಳುತ್ತ ಹೊತ್ತು ಕಳೆದವು. 1-0 ಆದರೆ ಇಬ್ಬರೂ ಮುಂದಿನ ಸುತ್ತಿಗೆ ಹೋಗುತ್ತಾರೆ, ಅಲ್ಜೀರಿಯಾ ಮನೆಗೆ ಹೋಗುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು, ಏಕೆಂದರೆ ಅಲ್ಜೀರಿಯಾದ ಕೊನೆಯ ಪಂದ್ಯ ಹಿಂದಿನ ದಿನವೇ ಮುಗಿದಿತ್ತು. ಅದಾದ ಮೇಲೆ, 1986ರ ಟೂರ್ನಿಯಿಂದ, ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಜೊತೆಯಲ್ಲೇ ಆಡಿಸುತ್ತಾರೆ. ಆಟಕ್ಕೆ ನ್ಯಾಯ ಸಿಕ್ಕಿತು. ನೋಡುವವರಿಗೆ ಮಾತ್ರ ಕಣ್ಣು ಎರಡು ಕಡೆ ಇಡುವ ಕೆಲಸ ಬಂತು.

ಆ ಕೆಲಸವನ್ನು ಸರಿಯಾಗಿ ಮಾಡುವುದು ಹೇಗೆಂದು ತೋರಿಸಲು 2022ರ ಡಿಸೆಂಬರ್ 1ರ ರಾತ್ರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕತಾರ್‌ನಲ್ಲಿ 'ಇ' ಗುಂಪಿನ ಕೊನೆಯ ಪಂದ್ಯಗಳು. ಗುಂಪಿನ ಮೊದಲ ಎರಡು ಸ್ಥಾನದವರಿಗೆ ಮಾತ್ರ ಮುಂದಿನ ಸುತ್ತು. ಒಂದು ಕಡೆ ಜಪಾನ್ ಮತ್ತು ಸ್ಪೇನ್, ಇನ್ನೊಂದು ಕಡೆ ಜರ್ಮನಿ ಮತ್ತು ಕೋಸ್ಟರಿಕಾ.

ಮೊದಲು ಬೇಕಾದದ್ದು ಒಂದು ಹಾಳೆ ಮತ್ತು ಪೆನ್ನು. ಪಂದ್ಯ ಶುರುವಾಗುವ ಮುಂಚೆ ಅಂಕಪಟ್ಟಿಯನ್ನು ಕೈಯಲ್ಲಿ ಬರೆದುಕೊಳ್ಳಬೇಕು. ಗೆದ್ದರೆ 3 ಅಂಕ, ಡ್ರಾ ಆದರೆ 1. ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲು ಕಳೆದರೆ ಗೋಲು ವ್ಯತ್ಯಾಸ. ಆ ರಾತ್ರಿಯ ಲೆಕ್ಕ ಹೀಗಿತ್ತು: ಸ್ಪೇನ್‌ಗೆ 4 ಅಂಕ, ಗೋಲು ವ್ಯತ್ಯಾಸ +7. ಜಪಾನ್‌ಗೆ 3 ಅಂಕ, ವ್ಯತ್ಯಾಸ 0. ಕೋಸ್ಟರಿಕಾಗೆ 3 ಅಂಕ, ಆದರೆ ಸ್ಪೇನ್ ಕೈಯಲ್ಲಿ 7-0 ಸೋತಿದ್ದರಿಂದ ವ್ಯತ್ಯಾಸ −6. ಜರ್ಮನಿಗೆ 1 ಅಂಕ, ವ್ಯತ್ಯಾಸ −1. ಇದರ ಪಕ್ಕದಲ್ಲಿ ಅಂಕ ಸಮವಾದರೆ ಏನು ಎಂಬ ನಿಯಮವನ್ನೂ ಬರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಆ ವಿಶ್ವಕಪ್‌ನಲ್ಲಿ ಮೊದಲು ಗೋಲು ವ್ಯತ್ಯಾಸ, ನಂತರ ಹೊಡೆದ ಗೋಲು, ಆಮೇಲೆ ಪರಸ್ಪರ ಆಡಿದ ಪಂದ್ಯದ ಫಲಿತಾಂಶ. ಯೂರೋ ಕಪ್‌ನಲ್ಲಿ ಪರಸ್ಪರ ಪಂದ್ಯವೇ ಮೊದಲು. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದರೆ ಕೊನೆಯ ಹತ್ತು ನಿಮಿಷ ಪೂರ್ತಿ ತಪ್ಪು ಪಂದ್ಯ ನೋಡುತ್ತ ಕೂತಿರುತ್ತೀರಿ. ಈ ಪಟ್ಟಿಯ ಕೆಳಗಿನ ಸಾಲುಗಳೂ ಬರೀ ಅಲಂಕಾರಕ್ಕಲ್ಲ. 2018ರಲ್ಲಿ ಜಪಾನ್ ಮತ್ತು ಸೆನೆಗಲ್ ಎಲ್ಲದರಲ್ಲೂ ಸಮವಾದಾಗ ಹಳದಿ ಕಾರ್ಡ್ ಕಡಿಮೆ ಇದ್ದ ಜಪಾನ್ ಮುಂದೆ ಹೋಯಿತು.

ಇನ್ನು ಪರದೆ. ದೊಡ್ಡ ಟಿವಿಯಲ್ಲಿ ಒಂದು ಪಂದ್ಯ, ಫೋನು ಅಥವಾ ಟ್ಯಾಬ್ಲೆಟ್‌ನಲ್ಲಿ ದನಿ ಮುಚ್ಚಿ ಇನ್ನೊಂದು. ಇಲ್ಲಿ ಕೈಕೊಡುವುದು ವಿಳಂಬ. ಡಿಶ್ ಅಥವಾ ಕೇಬಲ್‌ನಲ್ಲಿ ಬರುವ ಚಿತ್ರ ಮೈದಾನಕ್ಕಿಂತ ಕೆಲವೇ ಸೆಕೆಂಡು ಹಿಂದಿರುತ್ತದೆ. ಸ್ಟ್ರೀಮಿಂಗ್ ಆ್ಯಪ್ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕಳಿಸುತ್ತದೆ, ಅಂಥ ಹಲವು ತುಂಡು ಕೂಡಿಟ್ಟುಕೊಂಡ ಮೇಲೆಯೇ ಆಡಿಸಲು ಶುರುಮಾಡುತ್ತದೆ. ಹಾಗಾಗಿ ಅರ್ಧ ನಿಮಿಷ ಹಿಂದೆ ಬೀಳುವುದು ಮಾಮೂಲು. ನಡುವೆ ನೆಟ್‌ವರ್ಕ್ ಮುಗ್ಗರಿಸಿ ಚಿತ್ರ ನಿಂತು ಹೊರಟರೆ ಆ ನಿಂತಷ್ಟು ಹೊತ್ತೂ ವಿಳಂಬಕ್ಕೆ ಸೇರುತ್ತದೆ, ತಾನಾಗಿ ಕಡಿಮೆಯಾಗುತ್ತದೆಂಬ ಭರವಸೆ ಇಲ್ಲ. ಆ್ಯಪ್‌ನಲ್ಲಿ 'ಲೈವ್' ಗುಂಡಿ ಒತ್ತಿದರೆ ಮತ್ತೆ ಮುಂದಕ್ಕೆ ಬರುತ್ತದೆ. ಸಾಧ್ಯವಿದ್ದರೆ ಎರಡೂ ಪಂದ್ಯಗಳನ್ನು ಒಂದೇ ಆ್ಯಪ್‌ನಲ್ಲಿ ಹಾಕುವುದು ಒಳ್ಳೆಯದು. ಎರಡೂ ಸುಮಾರಾಗಿ ಒಂದೇ ಅಂತರದಲ್ಲಿ ಹಿಂದಿರುತ್ತವೆ, ಒಂದರ ಸುದ್ದಿ ಇನ್ನೊಂದನ್ನು ಕೆಡಿಸುವುದಿಲ್ಲ. ಫೋನಿನ ಸ್ಕೋರ್ ನೋಟಿಫಿಕೇಶನ್ ಬಂದ್ ಮಾಡಲೇಬೇಕು, ಅದು ಚಿತ್ರಕ್ಕಿಂತ ಮೊದಲೇ ಬಂದು ಗೋಲನ್ನು ಹೇಳಿಬಿಡುತ್ತದೆ. ಟಿವಿಗೆ ವೈಫೈ ಬದಲು ಲ್ಯಾನ್ ಕೇಬಲ್ ಕೊಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಚಿತ್ರದ ಸೆಟ್ಟಿಂಗ್ ಬಗ್ಗೆ ಒಂದೆರಡು ಮಾತು. 'ಸ್ಪೋರ್ಟ್ಸ್' ಮೋಡ್ ಹೆಸರಿಗೆ ಮಾತ್ರ ಆಟದ್ದು. ಅದು ಹುಲ್ಲನ್ನು ಕಣ್ಣು ಕುಕ್ಕುವ ಹಸಿರು ಮಾಡಿ, ನೆರಳು ಬಿದ್ದ ಭಾಗದಲ್ಲಿರುವ ಆಟಗಾರರನ್ನು ನುಂಗುತ್ತದೆ. 'ಸಿನಿಮಾ' ಅಥವಾ 'ಸ್ಟ್ಯಾಂಡರ್ಡ್' ಇಟ್ಟು ಬೆಳಕು ಮಾತ್ರ ಹೆಚ್ಚಿಸಿಕೊಳ್ಳಿ. ಚಲನೆಯನ್ನು ನಯಮಾಡುವ ಸೌಲಭ್ಯವನ್ನು ಆಫ್ ಮಾಡಿಬಿಡಿ ಅಥವಾ ತೀರಾ ಕಡಿಮೆ ಇಡಿ. ಅದು ಎರಡು ಫ್ರೇಮ್‌ಗಳ ನಡುವೆ ಊಹೆಯ ಫ್ರೇಮ್ ತುರುಕುತ್ತದೆ. ಜನರ ಗುಂಪಿನ ಮುಂದೆ ಎತ್ತರದಲ್ಲಿ ಹಾರುವ ಚೆಂಡು ಅದಕ್ಕೆ ಸಿಗುವುದಿಲ್ಲ, ಹಾಗಾಗಿ ಚೆಂಡು ಎರಡಾಗಿ ಕಾಣುತ್ತದೆ ಅಥವಾ ಕ್ಷಣ ಮಾಯವಾಗುತ್ತದೆ. ಮೂಲೆಯಲ್ಲಿರುವ ಸ್ಕೋರು, ಗಡಿಯಾರ ಕತ್ತರಿಸಿ ಹೋಗಿದ್ದರೆ ಚಿತ್ರದ ಅಳತೆಯಲ್ಲಿ ಓವರ್‌ಸ್ಕ್ಯಾನ್ ಆಫ್ ಮಾಡಬೇಕು.

ಆ ರಾತ್ರಿಯ ಆಟಕ್ಕೆ ಬರೋಣ. ಹತ್ತನೇ ನಿಮಿಷಕ್ಕೆ ಗ್ನಾಬ್ರಿ ಗೋಲಿನಿಂದ ಜರ್ಮನಿ ಮುಂದೆ, ಹನ್ನೊಂದಕ್ಕೆ ಮೊರಾಟಾ ಗೋಲಿನಿಂದ ಸ್ಪೇನ್ ಮುಂದೆ. ವಿರಾಮದಲ್ಲಿ ಜಪಾನ್ ಇಬ್ಬರನ್ನು ಬದಲಾಯಿಸಿತು: ಡೋವಾನ್ ಮತ್ತು ಮಿತೋಮಾ ಬಂದರು. ಟಿವಿಯಲ್ಲಿ ಆಟ ನೋಡುವವರು ಬಿಡಬಾರದ ಗಳಿಗೆ ಎಂದರೆ ದ್ವಿತೀಯಾರ್ಧದ ಮೊದಲ ಐದು ನಿಮಿಷ. ಮಧ್ಯಗೆರೆಯ ಮೇಲಿನ ಎತ್ತರದ ಮುಖ್ಯ ಕ್ಯಾಮೆರಾ ಆಗ ಇನ್ನೂ ಅಗಲವಾಗಿ ತೋರಿಸುತ್ತಿರುತ್ತದೆ. ಚೆಂಡನ್ನು ಬಿಟ್ಟು, ಎದುರಾಳಿ ಗೋಲ್‌ಕೀಪರ್ ಕಾಲಲ್ಲಿ ಚೆಂಡಿದ್ದಾಗ ಮುಂದಿನ ಸಾಲಿನವರು ಎಲ್ಲಿ ನಿಂತಿದ್ದಾರೆ ಎಂದು ನೋಡಬೇಕು. ಮೊದಲಾರ್ಧದಲ್ಲಿ ತಮ್ಮ ಅರ್ಧದಲ್ಲೇ ಕಾದಿದ್ದ ಜಪಾನಿನವರು ಈಗ ಸ್ಪೇನ್ ಗೋಲ್‌ಕೀಪರ್ ಉನಾಯ್ ಸಿಮೊನ್ ಮೇಲೆಯೇ ಏರಿಹೋಗುತ್ತಿದ್ದರು. 48ನೇ ನಿಮಿಷದಲ್ಲಿ ಹಾಗೆ ಒತ್ತಿಯೇ ಚೆಂಡು ಕಿತ್ತುಕೊಂಡರು, ಡೋವಾನ್ ಪೆನಾಲ್ಟಿ ಆವರಣದ ಹೊರಗಿನಿಂದ ಎಡಗಾಲಲ್ಲಿ ಬಾರಿಸಿದರು. ರಿಪ್ಲೇ ತೋರಿಸುವುದು ಆ ಹೊಡೆತವನ್ನು. ಗೋಲು ಹುಟ್ಟಿದ್ದು ಮಾತ್ರ ಅದಕ್ಕೂ ಮುಂಚಿನ ಆ ಓಟದಲ್ಲಿ.

51ನೇ ನಿಮಿಷದಲ್ಲಿ ಬಂದದ್ದು ಆ ಟೂರ್ನಿಯ ಅತಿ ಹೆಚ್ಚು ಚರ್ಚೆಯಾದ ಗೋಲು. ಬಲದಿಂದ ಬಂದ ಕ್ರಾಸ್ ಗೋಲಿನ ಬಾಯಿ ದಾಟಿ ಎಡಗಡೆ ಹೊರಗೆರೆಗೆ ಹೋಯಿತು. ಮಿತೋಮಾ ಗೆರೆಯ ಮೇಲೆ ಕಾಲು ಚಾಚಿ ಒಳಕ್ಕೆ ಎಳೆದರು, ತನಾಕಾ ಹತ್ತಿರದಿಂದ ಒಳಗೆ ನೂಕಿದರು. ಚೆಂಡು ಹೊರಗೆ ಹೋಗಿತ್ತೆಂದು ಮೈದಾನದಲ್ಲಿ ತೀರ್ಪಾಯಿತು, ನಂತರ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ನೋಡಿ ಗೋಲು ಕೊಟ್ಟರು. ಪಕ್ಕದ ಕ್ಯಾಮೆರಾದಲ್ಲಿ ಚೆಂಡಿಗೂ ಗೆರೆಗೂ ನಡುವೆ ಹಸಿರು ಹುಲ್ಲು ಕಂಡಿತು. ಜಗತ್ತಿನಾದ್ಯಂತ ಜನ ಅದನ್ನೇ ಸಾಕ್ಷಿಯೆಂದು ಹಿಡಿದರು. ಅದು ಸಾಕ್ಷಿಯಲ್ಲ. ನಿಯಮದ ಪ್ರಕಾರ ಇಡೀ ಚೆಂಡು ಇಡೀ ಗೆರೆಯನ್ನು, ನೆಲದ ಮೇಲಾಗಲಿ ಗಾಳಿಯಲ್ಲಾಗಲಿ, ದಾಟಿರಬೇಕು. ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ಅಂದರೆ ಅಡ್ಡಳತೆ ಸುಮಾರು 22 ಸೆಂಟಿಮೀಟರ್. ಅದು ನೆಲಕ್ಕೆ ತಾಗುವುದು ನಟ್ಟನಡುವಿನ ಒಂದು ಬಿಂದುವಿನಲ್ಲಿ. ಉಬ್ಬು ಅಲ್ಲಿಂದ ಎಲ್ಲ ಕಡೆಗೂ 11 ಸೆಂಟಿಮೀಟರ್ ಚಾಚಿರುತ್ತದೆ. ತಾಗಿದ ಬಿಂದು ಗೆರೆಯಿಂದ ಹತ್ತು ಸೆಂಟಿಮೀಟರ್ ಆಚೆಗಿದ್ದರೂ ಉಬ್ಬಿನ ಅಂಚು ಗೆರೆಯ ಮೇಲೆ ನೆರಳಿನಂತೆ ಬಾಗಿರುತ್ತದೆ, ಆಗ ಚೆಂಡು ಒಳಗೇ. ಇದನ್ನು ಹೇಳಬಲ್ಲದ್ದು ಗೆರೆಯ ನೇರಕ್ಕೆ ಅಥವಾ ತಲೆಯ ಮೇಲಿರುವ ಕ್ಯಾಮೆರಾ ಒಂದೇ. ಗೆರೆಯ ನೇರದಿಂದ ಸ್ವಲ್ಪ ಸರಿದ ಯಾವ ಕ್ಯಾಮೆರಾವನ್ನೂ ಇಂಥ ವಿಷಯದಲ್ಲಿ ನಂಬಬೇಡಿ. ಆಫ್‌ಸೈಡ್‌ಗೂ (ಚೆಂಡು ಒದೆಯುವ ಹೊತ್ತಿಗೆ ಎದುರಾಳಿ ರಕ್ಷಣಾ ಸಾಲಿಗಿಂತ ಮುಂದೆ ನಿಂತಿರುವ ತಪ್ಪಿಗೂ) ಇದೇ ಮಾತು: ಮುಖ್ಯ ಕ್ಯಾಮೆರಾ ನಡುವೆ ಇರುವುದರಿಂದ ಗೋಲಿನ ಹತ್ತಿರದ ಸಾಲು ಅದಕ್ಕೆ ಓರೆಯಾಗಿಯೇ ಕಾಣುತ್ತದೆ.

ಇದೇ ಕಾರಣಕ್ಕೆ, ಬಲೆ ಅಲುಗಿದ ಕೂಡಲೇ ಹಾಳೆಯ ಮೇಲೆ ಗೋಲು ಬರೆಯಬಾರದು. ಚೆಂಡು ಮಧ್ಯಕ್ಕೆ ಬಂದು ಆಟ ಮತ್ತೆ ಶುರುವಾಗಲಿ. ಸಂದೇಹವಿದ್ದರೆ ದಾಳಿ ಮುಗಿಯುವವರೆಗೂ ಬಾವುಟ ಎತ್ತದಿರಲು ಲೈನ್ಸ್‌ಮನ್‌ಗಳಿಗೆ ಸೂಚನೆ ಇದೆ, ಮುಂದೆ ವಿಎಆರ್ ಬೇರೆ. ಅದೇ ಟೂರ್ನಿಯಲ್ಲಿ ಸೌದಿ ಅರೇಬಿಯಾ ವಿರುದ್ಧ ಅರ್ಜೆಂಟೀನಾ ಮೊದಲಾರ್ಧದಲ್ಲೇ ಮೂರು ಸಲ ಬಲೆಗೆ ಚೆಂಡು ಹಾಕಿ ಮೂರನ್ನೂ ಆಫ್‌ಸೈಡ್‌ಗೆ ಕಳೆದುಕೊಂಡು, ಕೊನೆಗೆ 2-1ರಲ್ಲಿ ಸೋತಿತು.

ಹಾಳೆ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿಂದ ಮುಂದೆ. 58ನೇ ನಿಮಿಷದಲ್ಲಿ ಕೋಸ್ಟರಿಕಾ 1-1 ಮಾಡಿತು, 70ನೇ ನಿಮಿಷದಲ್ಲಿ 2-1 ಮುಂದೆ ಹೋಯಿತು. ಅಂಕ ಕೂಡಿಸಿ ನೋಡಿ: ಜಪಾನ್ 6, ಕೋಸ್ಟರಿಕಾ 6, ಸ್ಪೇನ್ 4, ಜರ್ಮನಿ 1. ಹಿಂದೆ ವಿಶ್ವಕಪ್ ಗೆದ್ದ ಎರಡೂ ತಂಡಗಳು ಮೂರು ನಿಮಿಷ ಟೂರ್ನಿಯಿಂದ ಹೊರಗಿದ್ದವು. 73ಕ್ಕೆ ಜರ್ಮನಿಯ ಹಾವರ್ಟ್ಸ್ 2-2 ಮಾಡಿದಾಗ ಸ್ಪೇನ್ ನಿಟ್ಟುಸಿರು ಬಿಟ್ಟಿತು. 85ಕ್ಕೆ ಹಾವರ್ಟ್ಸ್ ಅವರೇ 3-2 ಮಾಡಿದರು, 89ಕ್ಕೆ ಫುಲ್ಕ್ರುಗ್ 4-2. ಗೋಲುಗಳೆಲ್ಲ ಬೀಳುತ್ತಿದ್ದ ಆ ಪಂದ್ಯದ ಕಡೆಗೇ ಕಣ್ಣು ಎಳೆಯುತ್ತದೆ. ಆದರೆ ನೋಡಬೇಕಾಗಿದ್ದದ್ದು ಇನ್ನೊಂದನ್ನು. ಜಪಾನ್ ಗೆದ್ದರೆ ಜರ್ಮನಿಯೂ ಸ್ಪೇನ್ ಹಾಗೆ 4 ಅಂಕಕ್ಕೇ ನಿಲ್ಲುತ್ತದೆ, ಸ್ಪೇನ್‌ನ ವ್ಯತ್ಯಾಸವನ್ನು ಮುಟ್ಟಲು ಅದು ಕೋಸ್ಟರಿಕಾ ವಿರುದ್ಧ ಏಳೆಂಟು ಗೋಲುಗಳ ಅಂತರದಲ್ಲಿ ಗೆಲ್ಲಬೇಕು. ಅದೇ ಸ್ಪೇನ್ ಒಂದೇ ಒಂದು ಗೋಲು ಹೊಡೆದು 2-2 ಮಾಡಿದ್ದರೆ ಜಪಾನ್ 4 ಅಂಕಕ್ಕೆ ಇಳಿದು, ಜರ್ಮನಿ ಅದನ್ನು ಹಿಂದಿಕ್ಕಿ ಉಳಿಯುತ್ತಿತ್ತು. ಅಂದರೆ 85ನೇ ನಿಮಿಷದ ನಂತರ ಜರ್ಮನಿಯ ಹಣೆಬರಹ ಜಪಾನಿನ ಗೋಲಿನ ಮುಂದೆ ಇತ್ತು. ಗೋಲು ಎಲ್ಲಿ ಬಿದ್ದರೆ ಪಟ್ಟಿ ಬದಲಾಗುತ್ತದೋ ಆ ಪಂದ್ಯ ದೊಡ್ಡ ಪರದೆಗೆ ಬರಬೇಕು. ದನಿಯನ್ನೂ ಅದಕ್ಕೇ ಕೊಡಬೇಕು. ಆ ರಾತ್ರಿ ಅಲ್ಲಿ ಗೋಲು ಬೀಳಲಿಲ್ಲ. ಪಂದ್ಯದಲ್ಲಿ ಚೆಂಡು ಶೇ 18ರಷ್ಟೂ ಕೈಯಲ್ಲಿಲ್ಲದ ಜಪಾನ್ ಗುಂಪಿನ ಮೊದಲ ಸ್ಥಾನ ಪಡೆಯಿತು. ಬರೀ ರಕ್ಷಣೆಯ ಹತ್ತು ನಿಮಿಷ ಎಷ್ಟು ಸೊಗಸಾಗಿರಬಹುದು ಎಂದು ನೋಡಬೇಕಾದರೆ ಆ ಕೊನೆಯ ಭಾಗವನ್ನು ನೋಡಬೇಕು.

ರೆಕಾರ್ಡ್ ಮಾಡಿ ನೋಡುವವರಿಗೆ: ವೇಳಾಪಟ್ಟಿಯ ಸಮಯ ನಂಬಿದರೆ ಕೊನೆ ತಪ್ಪಿಹೋಗುತ್ತದೆ. ಗುಂಪು ಪಂದ್ಯಕ್ಕೆ ಆರಂಭದಿಂದ ಎರಡೂವರೆ ಗಂಟೆ, ಸೋತವರು ಹೊರಬೀಳುವ ನಾಕೌಟ್‌ಗೆ ಮೂರೂವರೆ ಗಂಟೆ ಇಡಿ. 2022ರಲ್ಲಿ ಇಂಗ್ಲೆಂಡ್ ಮತ್ತು ಇರಾನ್ ಪಂದ್ಯದ ಮೊದಲಾರ್ಧಕ್ಕೇ 14 ನಿಮಿಷ ಸೇರಿಸಿದ್ದರು. ಅದೇ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ ನೆದರ್ಲೆಂಡ್ಸ್ ಸಮ ಮಾಡಿದ್ದು 90 ಮುಗಿದು ಹನ್ನೊಂದನೇ ನಿಮಿಷದಲ್ಲಿ. ಅದರ ಮೇಲೆ ಮೂವತ್ತು ನಿಮಿಷದ ಹೆಚ್ಚುವರಿ ಆಟ, ಪೆನಾಲ್ಟಿ ಶೂಟೌಟ್ ಎಲ್ಲ ಬಂತು.

ತಂಡಗಳು ಹೆಚ್ಚಾದಂತೆ ಹಾಳೆಯೂ ದೊಡ್ಡದಾಗಬೇಕು. 24 ತಂಡಗಳ ಯೂರೋ ಕಪ್‌ನಲ್ಲಿ ಆರು ಗುಂಪುಗಳ ಮೂರನೇ ಸ್ಥಾನದವರಲ್ಲಿ ನಾಲ್ವರು ಮುಂದೆ ಹೋಗುತ್ತಾರೆ. 2016ರಲ್ಲಿ ಮೂರೂ ಪಂದ್ಯ ಡ್ರಾ ಮಾಡಿಕೊಂಡು ಹಾಗೆ ಹೋದ ಪೋರ್ಚುಗಲ್ ಕಪ್ಪನ್ನೇ ಗೆದ್ದಿತು. 48 ತಂಡಗಳ ವಿಶ್ವಕಪ್‌ನಲ್ಲಿ 12 ಗುಂಪು, ಮೂರನೇ ಸ್ಥಾನದ 8 ತಂಡಗಳಿಗೆ ಅವಕಾಶ. ಇವರಿಗಾಗಿ ಪ್ರತ್ಯೇಕ ಪಟ್ಟಿ ಬರೆದು ಗುಂಪುಗಳು ಮುಗಿದಂತೆಲ್ಲ ತಿದ್ದುತ್ತ ಹೋಗಬೇಕು. ಅವರು ಒಬ್ಬರ ಮೇಲೊಬ್ಬರು ಆಡಿಲ್ಲದ ಕಾರಣ ಅಲ್ಲಿ ಪರಸ್ಪರ ಫಲಿತಾಂಶಕ್ಕೆ ಜಾಗವಿಲ್ಲ: ಅಂಕ, ಗೋಲು ವ್ಯತ್ಯಾಸ, ಹೊಡೆದ ಗೋಲು, ಈ ಕ್ರಮದಲ್ಲಿ ಮೂರು ಕಾಲಂ ಹಾಕಿ. 4-0 ಸೋಲುತ್ತಿರುವ ತಂಡವೊಂದು 88ನೇ ನಿಮಿಷದಲ್ಲಿ ಒಂದು ಗೋಲಿಗಾಗಿ ಪ್ರಾಣ ಬಿಟ್ಟು ಓಡುತ್ತಿದ್ದರೆ, ಕಾರಣ ಸಿಗುವುದು ಎರಡನೇ ಕಾಲಂನಲ್ಲಿ.